ದೀಕ್ಷಾಸ್ನಾನ ಆದ ಮೇಲೂ ಕುಡಿದೇ ಸತ್ತ ಚಿಕ್ಕಪ್ಪನ ರಕ್ಷಣೆ ಏನಾಯಿತು?

ಬೆಟಗೇರಿ ಮೊಮ್ಮಗಳು

ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಚಿಕ್ಕಪ್ಪ ಆಗಸ್ಟಿನಲ್ಲಿ ತೀರಿಕೊಂಡರು. 52 ವಯಸ್ಸು. ಲಿವರ್ ಪೂರ್ತಿ ಹೋಗಿತ್ತು. ಮನೆಯ ಹಿನ್ನೆಲೆ ಹೇಳದಿದ್ದರೆ ನನ್ನ ಪ್ರಶ್ನೆ ಅರ್ಥ ಆಗುವುದಿಲ್ಲ. ಅಪ್ಪನ ಕಡೆಯವರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರು, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ ಅನ್ನುವ ಪ್ರೊಟೆಸ್ಟೆಂಟ್ ಸಭೆ. ಅಮ್ಮ ಮಂಗಳೂರು ಕಡೆಯ ಕ್ಯಾಥೊಲಿಕ್, ತವರಿನವರ ಜೊತೆ ಇವತ್ತಿಗೂ ಕೊಂಕಣಿಯಲ್ಲೇ ಮಾತು. ಇವರ ಮದುವೆಯಲ್ಲಿ ಎರಡೂ ಕಡೆ ಏನೇನು ಗಲಾಟೆ ಆಯಿತು ಅನ್ನುವುದು ಬೇರೆಯೇ ಕಥೆ, ಬಿಡಿ. ಚಿಕ್ಕಪ್ಪ ಮಾತ್ರ ಹತ್ತು ವರ್ಷದ ಹಿಂದೆ ಒಂದು ಪೆಂತೆಕೊಸ್ತ್ ಸಭೆಗೆ ಹೋಗಲು ಶುರು ಮಾಡಿದರು. ಅಲ್ಲಿ ಅತ್ತು, ಪಾಪ ಒಪ್ಪಿಕೊಂಡು, ಎರಡನೇ ಸಲ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ತೆಗೆದುಕೊಂಡರು. ನಾಲ್ಕು ವರ್ಷ ಒಂದು ತೊಟ್ಟು ಕುಡಿಯಲಿಲ್ಲ. ಭಾನುವಾರ ಸಾಕ್ಷಿ ಹೇಳುತ್ತಿದ್ದರು. ಮನೆಯಲ್ಲಿ ಎಲ್ಲರಿಗೂ ಖುಷಿ, ಅಪ್ಪನಿಗೆ ಮಾತ್ರ 'ಎರಡನೇ ಸ್ನಾನ ಯಾಕೆ, ಮೊದಲಿನದಕ್ಕೆ ಏನಾಗಿತ್ತು' ಅಂತ ಒಳಗೇ ಸಿಟ್ಟು.

ಆಮೇಲೆ ಕೆಲಸ ಹೋಯಿತು, ಮತ್ತೆ ಶುರುವಾಯಿತು. ನಿಲ್ಲಿಸುವುದು, ಶುರು ಮಾಡುವುದು, ನಿಲ್ಲಿಸುವುದು. ಕೊನೆಗೆ ಆಸ್ಪತ್ರೆಗೆ ಸೇರಿಸಿದ ದಿನವೂ ಬಾಯಲ್ಲಿ ವಾಸನೆ ಇತ್ತು.

ಶವ ಮನೆಯಲ್ಲಿದ್ದಾಗಲೇ ಶುರುವಾಯಿತು ನೋಡಿ. ಅವರ ಹಳೆಯ ಸಭೆಯಿಂದ ಬಂದ ಒಬ್ಬರು ಪ್ರಾರ್ಥನೆ ಮಾಡುತ್ತಾ, ಕುಡುಕರು ದೇವರ ರಾಜ್ಯಕ್ಕೆ ಬಾಧ್ಯರಲ್ಲ ಅನ್ನುವ ವಾಕ್ಯ ಓದಿದರು. ಚಿಕ್ಕಮ್ಮ ಎದುರಿಗೇ ಕೂತಿದ್ದರು. ನಮ್ಮ ಸಿಎಸ್‌ಐ ಪಾದ್ರಿ ಅಯ್ಯನವರು ಸಮಾಧಿ ಹತ್ತಿರ 'ಕರ್ತನಲ್ಲಿ ನಿದ್ರಿಸಿದ ನಮ್ಮ ಸಹೋದರ' ಅಂದರು. ಅಮ್ಮ ಮನೆಗೆ ಬಂದು ನನ್ನ ಕಿವಿಯಲ್ಲಿ, ಒಂದು ಪೂಜೆಗೆ ಹಣ ಕೊಡೋಣ, ಅವರು ಪುರ್ಗತೊರಿನಲ್ಲಿ ಇರುತ್ತಾರೆ, ಅಂದರೆ ಸ್ವರ್ಗಕ್ಕೆ ಹೋಗುವ ಮೊದಲು ಆತ್ಮ ಶುದ್ಧವಾಗುವ ಕಡೆ, ಯೆಮ್ಕೊಂಡಿನಲ್ಲಂತೂ, ಅಂದರೆ ನರಕದಲ್ಲಂತೂ, ಇರುವುದಿಲ್ಲ ಅಂದರು. ಅಪ್ಪನಿಗೆ ಹೇಳಬೇಡ ಅಂತಲೂ ಅಂದರು.

ಒಂದೇ ಬೈಬಲು, ಒಬ್ಬನೇ ಮನುಷ್ಯ, ಮೂರು ವಿಳಾಸ. ಕ್ರೈಸ್ತ ಬೋಧನೆ ನಿಜವಾಗಿ ಏನು ಹೇಳುತ್ತದೆ? ಒಮ್ಮೆ ಸಿಕ್ಕ ರಕ್ಷಣೆ ಕಳೆದುಹೋಗುತ್ತದಾ? ನಮ್ಮ ಪ್ರಾರ್ಥನೆಯಿಂದ ಅವರಿಗೆ ಏನಾದರೂ ಆಗುತ್ತದಾ? 'ದೇವರಿಗೆ ಬಿಟ್ಟದ್ದು' ಅಂತ ಒಂದು ಸಾಲು ಬರೆದು ಹೋಗಬೇಡಿ, ಅದನ್ನು ಊರವರೆಲ್ಲಾ ಹೇಳಿಯಾಗಿದೆ.

ಹಳೇ ಬೆಂಚು

ನಿಮ್ಮ ಚಿಕ್ಕಮ್ಮನ ಎದುರು ಆ ವಾಕ್ಯ ಓದಿದವರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು 1 ಕೊರಿಂಥ 6ನೇ ಅಧ್ಯಾಯದ 10ನೇ ವಚನ. ಆ ಪಟ್ಟಿಯಲ್ಲಿ ಕುಡಿಕರು ಇದ್ದಾರೆ, ನಿಜ. ಅವರ ಪಕ್ಕದಲ್ಲೇ ಲೋಭಿಗಳು ಇದ್ದಾರೆ, ಬೈಯುವವರೂ ಇದ್ದಾರೆ. ನಾನು ನಲವತ್ತು ವರ್ಷದಲ್ಲಿ ಎಷ್ಟೋ ಮಣ್ಣಿಗೆ ಹೋಗಿದ್ದೇನೆ, ಬಡ್ಡಿಗೆ ದುಡ್ಡು ಬಿಟ್ಟು ನೂರಾರು ಮನೆ ಹಾಳು ಮಾಡಿದವರ ಮಣ್ಣಿಗೂ. ಲೋಭಿ ಸತ್ತಾಗ ಯಾರೂ ಆ ವಾಕ್ಯ ತೆಗೆಯುವುದಿಲ್ಲ. ಕುಡುಕನಿಗೆ ಮಾತ್ರ ಓದುತ್ತಾರೆ. ಯಾಕೆಂದರೆ ಕುಡಿತ ವಾಸನೆ ಬರುತ್ತದೆ, ಲೋಭ ವಾಸನೆ ಬರುವುದಿಲ್ಲ.

ನಾನು ಸಿಎಸ್‌ಐ, ಪಾದ್ರಿ ಅಲ್ಲ. ಅಯ್ಯನವರು ಊರಲ್ಲಿ ಇಲ್ಲದ ಭಾನುವಾರ ಪ್ರಸಂಗ ಮಾಡುವ ಸಾಮಾನ್ಯ ಸಭಿಕ.

ಪಾಪ ಅಂದಾಗ ನಮ್ಮ ಜನ ಪಟ್ಟಿಯನ್ನು ನೆನೆಸಿಕೊಳ್ಳುತ್ತಾರೆ. ಕುಡಿದ, ಕದ್ದ, ಸುಳ್ಳು ಹೇಳಿದ. ಪೌಲ ಬರೆಯುವಾಗ ಪಾಪ ಅನ್ನುವುದು ಪಟ್ಟಿಗಿಂತ ದೊಡ್ಡದು, ಅದು ಮನುಷ್ಯನನ್ನು ಹಿಡಿದಿಟ್ಟುಕೊಂಡಿರುವ ಒಂದು ಯಜಮಾನ. 'ಪಾಪವು ಕೊಡುವ ಸಂಬಳ ಮರಣ' ಅನ್ನುವ ಮಾತು ರೋಮ 6:23ರಲ್ಲಿದೆ, ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಒಂದಲ್ಲ ಒಂದು ತಿಂಗಳು ಬಂದಿರುತ್ತದೆ. ಸಂಬಳ ಕೊಡುವವನು ಯಾರು? ಯಜಮಾನ. ಅದರ ಮುಂದಿನ ಅಧ್ಯಾಯ ಓದಿ. ಬೇಕು ಅನ್ನುವ ಒಳ್ಳೆಯದನ್ನು ಮಾಡಲಾರೆ, ಬೇಡ ಅನ್ನುವ ಕೆಟ್ಟದ್ದನ್ನೇ ಮಾಡುತ್ತೇನೆ ಅಂತ ಪೌಲನೇ ಗೋಳಾಡುತ್ತಾನೆ. ಕುಡಿತ ಬಿಡಲು ಹೊರಟು ನಾಲ್ಕು ಸಲ ಸೋತ ಯಾರಾದರೂ ಆ ಅಧ್ಯಾಯ ಓದಿದರೆ, ಇದನ್ನು ನನ್ನ ಬಗ್ಗೆಯೇ ಬರೆದಿದ್ದಾರೆ ಅಂದುಕೊಳ್ಳುತ್ತಾರೆ.

ರಕ್ಷಣೆ ಅಂದರೆ ಆ ಯಜಮಾನನ ಕೈಯಿಂದ ಬಿಡಿಸುವುದು. ನಮ್ಮ ಕಡೆ ಇದಕ್ಕೆ ಆಧಾರ ಎಫೆಸ 2:8 ಮತ್ತು 9. ಕೃಪೆಯಿಂದ, ನಂಬಿಕೆಯ ಮೂಲಕ, ನಮ್ಮ ಕೆಲಸದಿಂದ ಅಲ್ಲ. ಪ್ರೊಟೆಸ್ಟೆಂಟರು ಕ್ಯಾಥೊಲಿಕರಿಂದ ಬೇರೆಯಾಗಲು ಕಾರಣನಾದ ಲೂಥರ್ 1517ರಲ್ಲಿ ಎಬ್ಬಿಸಿದ ಜಗಳದ ತಿರುಳು ಇದೇ. ಅವನು ಇನ್ನೂ ಒಂದು ಮಾತು ಹೇಳುತ್ತಿದ್ದ. ನಂಬಿದವನು ಒಂದೇ ಹೊತ್ತಿಗೆ ನೀತಿವಂತನೂ ಹೌದು, ಪಾಪಿಯೂ ಹೌದು. ಮೊದಲು ಪಾಪಿ, ಆಮೇಲೆ ನೀತಿವಂತ ಅಂತ ಅಲ್ಲ. ಎರಡೂ ಒಟ್ಟಿಗೆ, ಸಾಯುವವರೆಗೂ.

ಈಗ ನಿಮ್ಮ ನಿಜವಾದ ಪ್ರಶ್ನೆ, ಕಳೆದುಹೋಗುತ್ತದಾ? ಇಲ್ಲಿ ಪ್ರೊಟೆಸ್ಟೆಂಟರೇ ಇಬ್ಭಾಗ. ಲೂಥರನ ಆಮೇಲಿನ ಸುಧಾರಕ ಕಾಲ್ವಿನನ ದಾರಿಯವರು, ಅಂದರೆ ರಿಫಾರ್ಮ್ಡ್ ಸಭೆಗಳವರು, 1618 ಮತ್ತು 19ರಲ್ಲಿ ಹಾಲೆಂಡಿನ ಡಾರ್ಟ್ ಊರಲ್ಲಿ ಸಭೆ ಸೇರಿದವರು, ದೇವರು ಆರಿಸಿಕೊಂಡವನು ಬಿದ್ದರೂ ಪೂರ್ತಿ ಕೈಬಿಟ್ಟು ಹೋಗುವುದಿಲ್ಲ ಅಂತ ತೀರ್ಮಾನಿಸಿದರು. ಅವರಿಗೆ ಯೋಹಾನ 10:28 ದೊಡ್ಡ ಬಲ, ನನ್ನ ಕುರಿಗಳನ್ನು ನನ್ನ ಕೈಯಿಂದ ಯಾರೂ ಕಸಿದುಕೊಳ್ಳಲಾರರು ಅನ್ನುವ ಯೇಸುವಿನ ಮಾತು. ಆಮೇಲೆ ಇಂಗ್ಲೆಂಡಿನಲ್ಲಿ ಬಂದ ವೆಸ್ಲಿಯ ದಾರಿಯ ಮೆಥಡಿಸ್ಟರು ಇದನ್ನು ಒಪ್ಪಲಿಲ್ಲ, ಮನುಷ್ಯ ತಾನಾಗಿ ಆ ಕೈ ಬಿಡಿಸಿಕೊಂಡು ಓಡಿಹೋಗಬಹುದು ಅಂದರು. ತಮಾಷೆ ಏನೆಂದರೆ 1947ರಲ್ಲಿ ಸಿಎಸ್‌ಐ ಆದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲರೂ ಒಂದೇ ಚಪ್ಪರಕ್ಕೆ ಬಂದರು. ಎರಡೂ ಅಭಿಪ್ರಾಯದವರು ಒಂದೇ ಬೆಂಚಿನಲ್ಲಿ ಕೂತು ಒಂದೇ ಕೀರ್ತನೆ ಹಾಡುತ್ತಾರೆ, ಯಾರೂ ಯಾರನ್ನೂ ಕೇಳುವುದಿಲ್ಲ. ನಿಮ್ಮ ಅಪ್ಪನ ಹಿರಿಯರನ್ನು ತಂದ ಬಾಸೆಲ್ ಮಿಷನ್ನಿನಲ್ಲೂ ಲೂಥರ್ ಕಡೆಯವರು, ರಿಫಾರ್ಮ್ಡ್ ಕಡೆಯವರು ಇಬ್ಬರೂ ಇದ್ದರು. ಅವರಿಗೆ ಈ ವಾದಕ್ಕಿಂತ ಹೃದಯ ಬದಲಾಯಿತಾ ಇಲ್ಲವಾ ಅನ್ನುವುದೇ ಮುಖ್ಯ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಬಿದ್ದವನು ಬೇರೆ, ಬಿಟ್ಟು ಹೋದವನು ಬೇರೆ. ನಿಮ್ಮ ಚಿಕ್ಕಪ್ಪ ದೇವರು ಬೇಡ ಅಂದಿದ್ದರಾ? ನಿಲ್ಲಿಸುವುದು, ಶುರು ಮಾಡುವುದು ಅಂತ ನೀವೇ ಬರೆದಿದ್ದೀರಿ. ಬಿಟ್ಟು ಹೋದವನು ಮತ್ತೆ ಮತ್ತೆ ನಿಲ್ಲಿಸಲು ಹೋಗುವುದಿಲ್ಲ.

ಎಲೀಮಿನ ನೆರಳು

ಕರ್ತನಿಗೆ ಸ್ತೋತ್ರ. ನಾನು ಪೆಂತೆಕೊಸ್ತ್ ವಿಶ್ವಾಸಿ. ನಮ್ಮನ್ನು ಬೈಯುವುದು ಸುಲಭ, ಅದಕ್ಕೇ ಎರಡು ಮಾತು.

ಹಳೇ ಬೆಂಚು ಸರ್, ನೀವು 10ನೇ ವಚನದ ಪಟ್ಟಿ ಹೇಳಿದಿರಿ, 11ನೇ ವಚನ ಬಿಟ್ಟಿರಿ. ನಿಮ್ಮಲ್ಲಿ ಕೆಲವರು ಅಂಥವರಾಗಿದ್ದಿರಿ, ಈಗ ತೊಳೆಯಲ್ಪಟ್ಟಿದ್ದೀರಿ ಅಂತ ಪೌಲ ಹೇಳುತ್ತಾನೆ. ಅಂದರೆ ಬದಲಾವಣೆ ಕಾಣಬೇಕು. ನಮ್ಮಲ್ಲಿ ಜಾಸ್ತಿ ಸಭೆಗಳು 'ಒಮ್ಮೆ ರಕ್ಷಣೆ, ಸದಾ ರಕ್ಷಣೆ' ಅನ್ನುವುದನ್ನು ಒಪ್ಪುವುದಿಲ್ಲ. ಅದು ಹೆಚ್ಚಾಗಿ ಬ್ಯಾಪ್ಟಿಸ್ಟರಲ್ಲಿ, ಬ್ರದರನ್ ಕಡೆಯವರಲ್ಲಿ ಕೇಳಿಬರುವ ಬೋಧನೆ. ಇಬ್ರಿಯ 6:4ರಿಂದ 6 ಓದಿ. ಒಮ್ಮೆ ಬೆಳಕು ಕಂಡು, ಪವಿತ್ರಾತ್ಮನಲ್ಲಿ ಪಾಲು ಪಡೆದು ಆಮೇಲೆ ಬಿದ್ದುಹೋದವರ ಬಗ್ಗೆ ಅಲ್ಲಿ ಎಷ್ಟು ಕಠಿಣವಾಗಿ ಬರೆದಿದೆ ಅಂದರೆ ಓದಿದ ರಾತ್ರಿ ನಿದ್ದೆ ಬರುವುದಿಲ್ಲ. ಮತ್ತಾಯ 24:13, ಕಡೆಯವರೆಗೆ ತಾಳುವವನು ರಕ್ಷಣೆ ಹೊಂದುವನು. ಇದೆಲ್ಲಾ ನಾವು ಹುಟ್ಟಿಸಿದ್ದಲ್ಲ.

ನಮ್ಮಲ್ಲಿ ಹಿಂಜಾರಿದವರು ಅಂತ ಒಂದು ಮಾತಿದೆ. ಅದನ್ನು ಹೇಳುವಾಗ ಬಾಯಿ ಗಟ್ಟಿ ಇರುತ್ತದೆ, ನಮ್ಮ ಮನೆಗೇ ಬಂದಾಗ ಗೊತ್ತಾಗುತ್ತದೆ. ನನ್ನ ಸ್ವಂತ ಅಣ್ಣ ಹಾಗೇ ಇದ್ದಾನೆ. ಸಭೆಯಲ್ಲಿ ಡ್ರಮ್ ಬಾರಿಸುತ್ತಿದ್ದವನು. ಈಗ ಫೋನ್ ಎತ್ತುವುದಿಲ್ಲ. ನಮ್ಮ ತಾಯಿ ದಿನಾ ನಾಲ್ಕು ಗಂಟೆಗೆ ಎದ್ದು ಅವನಿಗಾಗಿ ಮೊಣಕಾಲೂರುತ್ತಾರೆ. ಒಮ್ಮೆ ಸಿಕ್ಕದ್ದು ಎಂದೂ ಹೋಗುವುದಿಲ್ಲ ಅಂತ ನಂಬಿದ್ದರೆ ಅವರು ಆರಾಮಾಗಿ ಮಲಗಬಹುದಿತ್ತು ಅಲ್ವಾ? ಆ ಎಚ್ಚರಿಕೆಯ ವಾಕ್ಯಗಳು ಬದುಕಿರುವವರನ್ನು ಎಬ್ಬಿಸಲು ಕೊಟ್ಟವು.

ಶವದ ಮುಂದೆ ಅದನ್ನು ಓದಿದ್ದು ತಪ್ಪು. ಸತ್ತವರು ಎದ್ದು ಪಶ್ಚಾತ್ತಾಪ ಪಡುತ್ತಾರಾ? ಆ ಸಹೋದರರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ. ಆದರೆ ಪುರ್ಗತೊರ್, ಪೂಜೆಗೆ ಹಣ, ಅದಕ್ಕೆಲ್ಲಾ ನನ್ನ ಒಪ್ಪಿಗೆ ಇಲ್ಲ. ಮನುಷ್ಯರು ಒಂದೇ ಸಾರಿ ಸಾಯುತ್ತಾರೆ, ಆಮೇಲೆ ನ್ಯಾಯತೀರ್ಪು, ಇಬ್ರಿಯ 9:27. ಮಧ್ಯದಲ್ಲಿ ವೇಟಿಂಗ್ ರೂಮ್ ಇಲ್ಲ.

ಕುವೈತಿನ ಕುಡ್ಲದವ

ವೇಟಿಂಗ್ ರೂಮ್ ಅಂದಿದ್ದಕ್ಕೆ ಬಂದೆ. ಇಲ್ಲಿ ಶುಕ್ರವಾರ ರಜೆ, ಬೇಕಾದಷ್ಟು ಸಮಯ ಇದೆ.

ಅಕ್ಕ, ನಿಮ್ಮ ಅಮ್ಮ ಹೇಳಿದ್ದನ್ನು ಸುಮ್ನೆ ಮುದುಕಿಯರ ನಂಬಿಕೆ ಅಂದುಕೊಳ್ಳಬೇಡಿ. ಅದರ ಹಿಂದೆ ಸಾಕಷ್ಟು ಯೋಚನೆ ಇದೆ. ಕ್ಯಾಥೊಲಿಕ್ ಬೋಧನೆಯಲ್ಲಿ ಪಾಪಗಳೆಲ್ಲಾ ಒಂದೇ ತೂಕದವಲ್ಲ. 1 ಯೋಹಾನ 5:16 ಮತ್ತು 17ರಲ್ಲೇ ಮರಣಕರವಾದ ಪಾಪ, ಮರಣಕರವಲ್ಲದ ಪಾಪ ಅಂತ ಬೇರೆ ಮಾಡಿದೆ. ಒಂದು ಪಾಪ ಮರಣಕರ ಆಗಬೇಕಾದರೆ ಮೂರೂ ಕೂಡಬೇಕು. ವಿಷಯ ಗಂಭೀರ ಇರಬೇಕು, ಅದು ತಪ್ಪು ಅಂತ ಪೂರ್ತಿ ಗೊತ್ತಿರಬೇಕು, ಪೂರ್ತಿ ಮನಸ್ಸಿನಿಂದ ಬೇಕೆಂದೇ ಮಾಡಿರಬೇಕು. ಚಿಕ್ಕಂದಿನಲ್ಲಿ ಧರ್ಮೋಪದೇಶದ ಕ್ಲಾಸಿನಲ್ಲಿ ಇದನ್ನು ಬಾಯಿಪಾಠ ಮಾಡಿಸಿದ್ದರು, ಆಗ ಅರ್ಥ ಆಗಿರಲಿಲ್ಲ.

ಮೂರನೆಯದನ್ನು ನೋಡಿ. ಹತ್ತಾರು ವರ್ಷ ಕುಡಿದು ಮೈಯೇ ಅದಕ್ಕೆ ಒಗ್ಗಿಹೋದವನ ಕೈ ಬೆಳಗ್ಗೆ ಲೋಟ ಹಿಡಿಯುವ ಮೊದಲೇ ನಡುಗುತ್ತದೆ. ಅವನು ಪೂರ್ತಿ ಮನಸ್ಸಿನಿಂದ ಕುಡಿಯುತ್ತಾನಾ? ಚಟ, ಭಯ, ಮಾನಸಿಕ ಒತ್ತಡ ಇದ್ದರೆ ಹೊಣೆ ಕಡಿಮೆಯಾಗಬಹುದು, ಕೆಲವು ಸಲ ಇಲ್ಲವೇ ಇಲ್ಲ ಅಂತ 1992ರಲ್ಲಿ ಬಂದ ನಮ್ಮ ಧರ್ಮೋಪದೇಶದ ಪುಸ್ತಕವೇ ಹೇಳುತ್ತದೆ. ತಪ್ಪು ತಪ್ಪೇ. ಹೊಣೆ ಎಷ್ಟು ಅನ್ನುವುದು ಬೇರೆ ಲೆಕ್ಕ, ಆ ಲೆಕ್ಕದ ಪುಸ್ತಕ ನಮ್ಮ ಕೈಯಲ್ಲಿ ಇಲ್ಲ.

ಕೃಪೆ ಕಳೆದುಕೊಳ್ಳಬಹುದಾ? ಹೌದು ಅನ್ನುತ್ತೇವೆ. ಇಲ್ಲಿ ನಾವೂ ಪೆಂತೆಕೊಸ್ತರೂ ಒಂದೇ ಕಡೆ, ಇಬ್ಬರೂ ಇದನ್ನು ಒಪ್ಪಿಕೊಳ್ಳುವುದಿಲ್ಲ ಅಷ್ಟೇ. ಆದರೆ ಕಳೆದುಕೊಂಡದ್ದು ಮತ್ತೆ ಸಿಗುವ ದಾರಿಯೂ ಇದೆ, ನಮ್ಮ ಭಾಷೆಯಲ್ಲಿ ಕುಮ್ಸಾರ್, ಕನ್ನಡದಲ್ಲಿ ಪಾಪನಿವೇದನೆ. ಅದೂ ಸಿಗದೆ ಸತ್ತರೆ? ಕೊನೆಯ ಉಸಿರಿನಲ್ಲಿ ಮನಸ್ಸು ತಿರುಗಿದರೂ ಸಾಕು. ಆರ್ಸ್ ಊರಿನ ಪಾದ್ರಿ ಸಂತ ಜಾನ್ ವಿಯಾನ್ನಿ ಬಗ್ಗೆ ಒಂದು ಕಥೆ ಹೇಳುತ್ತಾರೆ. ಗಂಡ ಸೇತುವೆಯಿಂದ ಹಾರಿ ಸತ್ತಿದ್ದಕ್ಕೆ ಒಬ್ಬ ಹೆಂಗಸು ಅಳುತ್ತಾ ಬಂದಿದ್ದಳಂತೆ. ಸೇತುವೆಗೂ ನೀರಿಗೂ ನಡುವೆ ಅವನಿಗೆ ಸಮಯ ಇತ್ತಮ್ಮಾ ಅಂದರಂತೆ ಅವರು. ನಡೆದದ್ದು ಹಾಗೇನಾ ಅಂತ ಯಾರು ಕೇಳುತ್ತಾರೆ, ನಮ್ಮ ಅಜ್ಜಿ ಇದನ್ನು ನೂರು ಸಲ ಹೇಳಿದ್ದಾರೆ.

ಇನ್ನು ಪುರ್ಗತೊರ್. ಎಲೀಮ್ ಅಣ್ಣ, ಅದು ವೇಟಿಂಗ್ ರೂಮ್ ಅಲ್ಲ. ತೀರ್ಪು ಆಗಿಹೋಗಿದೆ, ಟಿಕೆಟ್ ಕನ್ಫರ್ಮ್. ಅಲ್ಲಿ ಇರುವವರೆಲ್ಲಾ ರಕ್ಷಣೆ ಹೊಂದಿದವರೇ, ಒಬ್ಬನೂ ಅಲ್ಲಿಂದ ನರಕಕ್ಕೆ ಹೋಗುವುದಿಲ್ಲ. ಹೊಲದಿಂದ ಬಂದವನು ಮದುವೆ ಊಟಕ್ಕೆ ಕೂರುವ ಮೊದಲು ಕೈಕಾಲು ತೊಳೆಯುತ್ತಾನಲ್ಲಾ, ಅಷ್ಟೇ. ಮದುವೆ ಮನೆಯ ಬಚ್ಚಲು ಅಂದುಕೊಳ್ಳಿ. 1 ಕೊರಿಂಥ 3:15ರಲ್ಲಿ ಬೆಂಕಿಯ ಮೂಲಕ ತಪ್ಪಿಸಿಕೊಂಡವನ ಹಾಗೆ ರಕ್ಷಣೆ ಹೊಂದುವನು ಅಂತ ಇದೆ. ಸತ್ತವರಿಗೆ ಪ್ರಾರ್ಥನೆ ಮಾಡುವುದು 2 ಮಕ್ಕಬಿಯರ 12ನೇ ಅಧ್ಯಾಯದಲ್ಲಿದೆ. ಆ ಪುಸ್ತಕ ನಿಮ್ಮ ಸತ್ಯವೇದದಲ್ಲಿ ಇರುವುದಿಲ್ಲ, ನಮ್ಮ ಬೈಬಲಿನಲ್ಲಿ ಇರುತ್ತದೆ. ಜಗಳ ಅರ್ಧ ಅಲ್ಲೇ ಮುಗಿಯಿತು ನೋಡಿ, ಅಥವಾ ಅಲ್ಲೇ ಶುರುವಾಯಿತು. ಹದಿನಾರನೇ ಬೆನೆಡಿಕ್ಟ್ ಪೋಪ್ 2007ರಲ್ಲಿ ಬರೆದ ಪತ್ರದಲ್ಲಿ ಇನ್ನೂ ಮುಂದೆ ಹೋಗಿ, ಆ ಬೆಂಕಿ ಅಂದರೆ ಕ್ರಿಸ್ತನೇ ಇರಬಹುದು, ಅವನ ಮುಖ ನೋಡಿದಾಗಲೇ ನಮ್ಮ ಸುಳ್ಳೆಲ್ಲಾ ಸುಟ್ಟುಹೋಗುತ್ತದೆ ಅನ್ನುವ ಅರ್ಥದಲ್ಲಿ ಹೇಳಿದ್ದಾರೆ. ಅದನ್ನು ಓದಿದಾಗ ನನಗೆ ಅಜ್ಜಿಯ ಮನೆಯ ಹಳೆಯ ಪಟ ನೆನಪಾಯಿತು, ಜ್ವಾಲೆಯ ಮಧ್ಯೆ ಕೈ ಮೇಲೆತ್ತಿದ ಜನ. ರಾತ್ರಿ ಆ ಕೋಣೆಗೆ ಹೋಗಲು ಹೆದರುತ್ತಿದ್ದೆ.

ಪೂಜೆಗೆ ಹಣ ಅಂದರೆ ದರ ಕಟ್ಟಿ ಆತ್ಮ ಬಿಡಿಸಿಕೊಳ್ಳುವುದಲ್ಲ. ಹಾಗೆ ವ್ಯಾಪಾರ ಆಗಿದ್ದ ಕಾಲ ಇತ್ತು, ಲೂಥರ್ ಸಿಟ್ಟಿಗೆದ್ದಿದ್ದು ಅದಕ್ಕೇ, ಸರಿಯಾಗಿಯೇ ಸಿಟ್ಟಿಗೆದ್ದ.

ಮೇಲುಕೋಟೆ ಪುಳಿಯೋಗರೆ

ನಾನು ಕ್ರೈಸ್ತ ಅಲ್ಲ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಆದರೆ ಓದುತ್ತಾ ಓದುತ್ತಾ ನಮ್ಮ ಮನೆಯ ಜಗುಲಿಯ ಜಗಳ ಕೇಳಿದ ಹಾಗೇ ಆಯಿತು.

ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆ ಅಂತ ಎರಡು. ನಾಮ ಇಡುವುದರಲ್ಲಿ ವ್ಯತ್ಯಾಸ ಅಂತಷ್ಟೇ ಜನಕ್ಕೆ ಗೊತ್ತು. ಒಳಗಿನ ಜಗಳ ಇದೇ. ದೇವರು ಜೀವವನ್ನು ಹೇಗೆ ಕಾಪಾಡುತ್ತಾನೆ? ವಡಗಲೆಯವರು ಕೋತಿಮರಿಯ ಹಾಗೆ ಅನ್ನುತ್ತಾರೆ, ತಾಯಿ ಹಾರುವಾಗ ಮರಿ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದಿರಬೇಕು. ತೆಂಗಲೆಯವರು ಬೆಕ್ಕಿನಮರಿಯ ಹಾಗೆ ಅನ್ನುತ್ತಾರೆ, ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಅಂತ ಹೆಸರು. ನಿಮ್ಮ ಡಾರ್ಟ್ ಊರಿನವರು ಬೆಕ್ಕು, ವೆಸ್ಲಿ ಕೋತಿ. ನಮ್ಮ ತಾತ ತೆಂಗಲೆ, ಅಜ್ಜಿ ವಡಗಲೆ ಮನೆಯಿಂದ ಬಂದವರು. ಅವರ ಮನೆಯಲ್ಲಿ ಪ್ರತಿ ಏಕಾದಶಿಗೂ ಕೋತಿ ಬೆಕ್ಕು ಕಚ್ಚಾಡುತ್ತಿದ್ದವು.

ನನಗೊಂದು ಅನುಮಾನ. ಕನ್ನಡದಲ್ಲಿ ಪಾಪ ಅಂದರೆ ತಪ್ಪು ಅಂತಲೂ ಆಗುತ್ತದೆ, ಅಯ್ಯೋ ಪಾಪ ಅಂತ ಕನಿಕರವೂ ಆಗುತ್ತದೆ. 'ಪಾಪ, ಅವನು ಕುಡಿದು ಸತ್ತ' ಅಂದರೆ ನಾವು ಬೈದದ್ದಲ್ಲ, ಮರುಗಿದ್ದು. ಬೈಬಲಿನ ಮೂಲ ಮಾತಿನಲ್ಲೂ ಈ ಎರಡನೇ ಅರ್ಥ ಇದೆಯಾ? ಇನ್ನೊಂದು, ನಮ್ಮಲ್ಲಿ ಪಾಪ ಅಂದರೆ ಮುಂದಿನ ಜನ್ಮದಲ್ಲಿ ತೀರಿಸುವ ಸಾಲ. ನಿಮ್ಮಲ್ಲಿ ಮುಂದಿನ ಜನ್ಮವೇ ಇಲ್ಲ. ಒಂದೇ ಇನ್ನಿಂಗ್ಸ್‌ನಲ್ಲಿ ಎಲ್ಲಾ ತೀರ್ಮಾನ ಅಂದರೆ ಜಾಸ್ತಿ ಆಯಿತು ಅನ್ನಿಸುವುದಿಲ್ಲವಾ?

ಹಳೇ ಬೆಂಚು

ಪುಳಿಯೋಗರೆಯವರೇ, ಕೋತಿ ಬೆಕ್ಕು ಚೆನ್ನಾಗಿದೆ, ಮುಂದಿನ ಪ್ರಸಂಗಕ್ಕೆ ಕದ್ದುಕೊಳ್ಳುತ್ತೇನೆ. ಕದಿಯುವವರೂ ಆ ಪಟ್ಟಿಯಲ್ಲಿದ್ದಾರೆ, ಗೊತ್ತು.

ಗ್ರೀಕಿನ ಮಾತು ಹಮಾರ್ತಿಯ. ಗುರಿ ತಪ್ಪುವುದು ಅಂತ ಅದರ ಬೇರು. ಕನಿಕರ ಆ ಮಾತಿನಲ್ಲಿ ಇಲ್ಲ. ಅದನ್ನು ಕನ್ನಡಕ್ಕೆ ತರುವಾಗ ಪಾಪ ಅಂತ ಹಾಕಿದರು, ಬೇರೆ ಏನು ಹಾಕಲು ಸಾಧ್ಯ ಇತ್ತು? ಕರ್ಮದ ನೆರಳು ಜೊತೆಗೇ ಬಂತು. ಅದಕ್ಕೇ ನಮ್ಮ ಸಭೆಗಳಲ್ಲಿ ಇವತ್ತಿಗೂ ಎಷ್ಟೋ ಜನ ರಕ್ಷಣೆ ಅಂದರೆ ಪಾಪಪುಣ್ಯದ ತಕ್ಕಡಿ ಅಂದುಕೊಂಡೇ ಬದುಕುತ್ತಾರೆ, ಬಾಯಲ್ಲಿ ಕೃಪೆ, ತಲೆಯಲ್ಲಿ ತಕ್ಕಡಿ. ಹಾಗೇ ಅಯ್ಯೋ ಪಾಪವೂ ಜೊತೆಗೆ ಬಂದಿದೆ. ಅದು ಲಾಭ. ಯೇಸು ಜನರ ಗುಂಪನ್ನು ನೋಡಿ ಕುರುಬನಿಲ್ಲದ ಕುರಿಗಳ ಹಾಗಿದ್ದಾರೆ ಅಂತ ಕನಿಕರಪಟ್ಟ ಅನ್ನುವಾಗ, ಕನ್ನಡದವನಿಗೆ ವ್ಯಾಖ್ಯಾನ ಬೇಕಿಲ್ಲ.

ಒಂದೇ ಇನ್ನಿಂಗ್ಸ್ ಅಂದಿರಿ. ಹೌದು. ಆದರೆ ರನ್ ಹೊಡೆಯಬೇಕಾದವನು ನಾನಲ್ಲ ಅನ್ನುವುದೇ ಅಲ್ಲವಾ ಸುವಾರ್ತೆ? ಯೇಸುವಿನ ಪಕ್ಕ ಶಿಲುಬೆಯಲ್ಲಿದ್ದ ಕಳ್ಳನಿಗೆ ಬದುಕು ತಿದ್ದಿಕೊಳ್ಳಲು ಒಂದು ಮಧ್ಯಾಹ್ನವೂ ಸಿಗಲಿಲ್ಲ. ದೀಕ್ಷಾಸ್ನಾನ ಒಂದೂ ಆಗಿಲ್ಲ, ಎರಡಂತೂ ಇಲ್ಲವೇ ಇಲ್ಲ. ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ ಇರುತ್ತೀ ಅಂದ ಯೇಸು, ಲೂಕ 23:43.

ಕುವೈತಿನವರೇ, ಪುರ್ಗತೊರ್ ನನಗೆ ಒಗ್ಗುವುದಿಲ್ಲ. ಆ ಬೆಂಕಿಯ ವಾಕ್ಯ ಸಭೆ ಕಟ್ಟುವ ಕೆಲಸಗಾರರ ಬಗ್ಗೆ ಬರೆದದ್ದು, ಸತ್ತವರ ಬಗ್ಗೆ ಅಲ್ಲ. ಆದರೂ ಮೂಲ ವಿಷಯದಲ್ಲಿ ನಾವು ಅಂದುಕೊಂಡಷ್ಟು ದೂರ ಇಲ್ಲ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಂದು ಕಾಗದಕ್ಕೆ ಸಹಿ ಹಾಕಿದರು. ಕೃಪೆಯಿಂದ ಮಾತ್ರ, ನಮ್ಮ ಯೋಗ್ಯತೆಯಿಂದ ಅಲ್ಲ ಅಂತ ಇಬ್ಬರೂ ಒಟ್ಟಿಗೆ ಒಪ್ಪಿಕೊಂಡ ಕಾಗದ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳವರು ಸೇರಿಕೊಂಡರು. ಸುಮಾರು ಐನೂರು ವರ್ಷ ಹೊಡೆದಾಡಿದ ವಿಷಯ. ನಮ್ಮ ಊರಿನ ಸಭೆಯಲ್ಲಿ ಇದನ್ನು ಹೇಳಿದರೆ, ಹೌದಾ ಅಂದು ಸುಮ್ಮನಾದರು. ಮದುವೆ ಸಂಬಂಧದ ವಿಷಯ ಬಂದಾಗ ಮಾತ್ರ ಇವತ್ತಿಗೂ 1517.

ಇನ್ನೊಂದು, ಯಾರೂ ಮುಟ್ಟಲಿಲ್ಲ. ನಂಬಿದವರ ಗತಿ ಅಂದರೆ ಆತ್ಮ ಎಲ್ಲಿ ಹೋಯಿತು ಅನ್ನುವುದು ಅರ್ಧ ಮಾತು. ನಾವು ಪ್ರತಿ ಭಾನುವಾರ ಹೇಳುವ ವಿಶ್ವಾಸಪ್ರಮಾಣ ಸತ್ತವರು ಎದ್ದು ಬರುವುದರ ಬಗ್ಗೆ ಹೇಳುತ್ತದೆ. ಮೈ ಸಮೇತ. ಸಮಾಧಿ ಸ್ಥಳಕ್ಕೆ ಇಂಗ್ಲಿಷಿನಲ್ಲಿ ಹೇಳುವ ಸೆಮೆಟರಿ ಅನ್ನುವ ಮಾತು ಗ್ರೀಕಿನಿಂದ ಬಂದದ್ದು, ಮಲಗುವ ಕೋಣೆ ಅಂತ ಅರ್ಥ. ನಿಮ್ಮ ಅಯ್ಯನವರು ನಿದ್ರಿಸಿದ ಸಹೋದರ ಅಂದಿದ್ದು ಅದನ್ನೇ, 1 ಥೆಸಲೊನೀಕ 4ನೇ ಅಧ್ಯಾಯ. ಎಬ್ಬಿಸುವವರೆಗೆ ಪ್ರಜ್ಞೆಯೇ ಇರುವುದಿಲ್ಲ ಅಂತ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯವರು ಹೇಳುತ್ತಾರೆ. ಅಗಲಿ ಹೋಗಿ ಕ್ರಿಸ್ತನ ಜೊತೆ ಇರುವುದೇ ಮೇಲು ಅಂತ ಪೌಲ ಫಿಲಿಪ್ಪಿಯವರಿಗೆ ಬರೆದದ್ದು ನೋಡಿ ಉಳಿದವರು ಇಲ್ಲ ಅನ್ನುತ್ತಾರೆ. ಕೊನೆಯಲ್ಲಿ ಎದ್ದು ಬರುವ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ. ಅಂದರೆ ನಿಮ್ಮ ಚಿಕ್ಕಪ್ಪನಿಗೆ ಹೊಸ ಲಿವರ್ ಸಮೇತ. ತಮಾಷೆ ಮಾಡುತ್ತಿಲ್ಲ, ಬೋಧನೆ ಅಕ್ಷರಶಃ ಅದೇ.

ಎಲೀಮಿನ ನೆರಳು

ಆಮೆನ್. ಲಿವರ್ ವಿಷಯಕ್ಕೆ ಆಮೆನ್. ಕಾಗದದ ವಿಷಯ ಆಮೇಲೆ ನೋಡೋಣ.

ಬೆಟಗೇರಿ ಸಹೋದರಿ, ಒಂದು ಕೇಳಬೇಕು. ಆಸ್ಪತ್ರೆಯಲ್ಲಿ ಕೊನೆಗೆ ಅವರು ಏನಾದರೂ ಮಾತಾಡಿದರಾ? ವಾದಕ್ಕೆ ಕೇಳುತ್ತಿಲ್ಲ.

ಬೆಟಗೇರಿ ಮೊಮ್ಮಗಳು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆಯಿಂದ ನಾಲ್ಕು ಸಲ ಓದಿದೆ.

ಮಾತಾಡಲಿಲ್ಲ ಅಣ್ಣ. ಕೊನೆಯ ಎರಡು ದಿನ ಪ್ರಜ್ಞೆ ಸರಿ ಇರಲಿಲ್ಲ, ಏನೇನೋ ಹೇಳುತ್ತಿದ್ದರು, ಡಾಕ್ಟರು ಲಿವರ್ ಹೋದರೆ ತಲೆಗೂ ಹಾಗೇ ಆಗುತ್ತದೆ ಅಂದರು. ಅದಕ್ಕೂ ಮೊದಲು ಒಂದು ದಿನ ನಾನು ಒಬ್ಬಳೇ ಇದ್ದಾಗ, ನನ್ನ ಬೈಬಲು ಮನೆಯಲ್ಲಿದೆ ತರುತ್ತೀಯಾ ಅಂದಿದ್ದರು. ನಾನು ನಾಳೆ ತರುತ್ತೇನೆ ಅಂದೆ. ತರಲಿಲ್ಲ. ಮರೆತೆ. ಮೊದಲ ಪೋಸ್ಟಿನಲ್ಲಿ ಇದನ್ನು ಬರೆಯಲು ಆಗಲಿಲ್ಲ.

ಬೆಕ್ಕಾದರೆ ನನ್ನ ಮರೆವಿನಿಂದ ಏನೂ ಕೆಟ್ಟಿಲ್ಲ. ಕೋತಿಯಾದರೂ, ಆ ಬೈಬಲು ಕೇಳಿದ್ದೇ ಹಿಡಿದುಕೊಂಡದ್ದಲ್ಲವಾ ಅಂತ ಯೋಚಿಸುತ್ತಿದ್ದೇನೆ. ಇನ್ನೂ ಯೋಚಿಸುತ್ತಲೇ ಇದ್ದೇನೆ.

ಪೂಜೆಯ ವಿಷಯ ಹೇಳಿಬಿಡುತ್ತೇನೆ. ಅಮ್ಮ ಅಪ್ಪನಿಗೆ ಗೊತ್ತಾಗದ ಹಾಗೆ ಹಣ ಕೊಡಲು ಹೊರಟಿದ್ದರು, ಸೀರೆ ಉಟ್ಟು ಆಟೋ ಕಾಯುತ್ತಿದ್ದರು. ಅಪ್ಪ ಬಂದು ಏನೂ ಕೇಳದೆ ಸ್ಕೂಟರ್ ಸ್ಟಾರ್ಟ್ ಮಾಡಿದರು. ಚರ್ಚಿನ ಗೇಟಿನ ಹೊರಗೆ ಅರ್ಧ ಗಂಟೆ ನಿಂತಿದ್ದರಂತೆ. ಒಳಗೆ ಮಾತ್ರ ಹೋಗಲಿಲ್ಲ. ಸತ್ತವರಿಗೆ ಪ್ರಾರ್ಥನೆ ನಮ್ಮಲ್ಲಿ ಇಲ್ಲ ಅಂತ ಮನೆಗೆ ಬಂದ ಮೇಲೆ ನನಗೆ ಹೇಳಿದರು, ನಾನೇನೂ ಕೇಳಿರಲಿಲ್ಲ.

ಈಗ ಅಮ್ಮ ನವೆಂಬರ್ 2ಕ್ಕೆ, ಕ್ಯಾಥೊಲಿಕರು ಸತ್ತವರನ್ನು ನೆನೆಯುವ ದಿನ, ನಮ್ಮ ಸಮಾಧಿ ಸ್ಥಳಕ್ಕೂ ಹೋಗಬೇಕು ಅನ್ನುತ್ತಿದ್ದಾರೆ, ಚಿಕ್ಕಮ್ಮನೂ ಬರುತ್ತೇನೆ ಅಂದಿದ್ದಾರೆ. ಸಿಎಸ್‌ಐ ಸಮಾಧಿ ಸ್ಥಳದಲ್ಲಿ ಅವತ್ತು ನಾವು ಮೂವರೇ ಇರುತ್ತೇವೆ ಅನ್ನಿಸುತ್ತದೆ. ಕುವೈತಿನವರೇ, ಏನು ತೆಗೆದುಕೊಂಡು ಹೋಗಬೇಕು? ಹೂ, ಕ್ಯಾಂಡಲ್ ಸಾಕಾ? ಅಮ್ಮನನ್ನು ಕೇಳಿದರೆ ಅಳುತ್ತಾರೆ.

ಕುವೈತಿನ ಕುಡ್ಲದವ

ಸಾಕು. ಸೇವಂತಿಗೆ ತೆಗೆದುಕೊಳ್ಳಿ, ಬೇಗ ಬಾಡುವುದಿಲ್ಲ. ಸಮಾಧಿ ಮೇಲಿನ ಹುಲ್ಲು ಕೀಳಲು ಒಂದು ಚಿಕ್ಕ ಕತ್ತಿ ಇರಲಿ, ಮಳೆ ಮುಗಿದಿರುತ್ತದೆ, ಮೊಣಕಾಲುದ್ದ ಬೆಳೆದಿರುತ್ತದೆ. ಕ್ಯಾಂಡಲ್ ಒಂದು ಪ್ಯಾಕೆಟ್ ಜಾಸ್ತಿಯೇ ಇಟ್ಟುಕೊಳ್ಳಿ, ಗಾಳಿಗೆ ಆರುತ್ತಲೇ ಇರುತ್ತದೆ. ಬೆಂಕಿಪೊಟ್ಟಣ ಮರೆಯಬೇಡಿ, ನಮ್ಮ ಮನೆಯವರು ಪ್ರತಿ ವರ್ಷ ಅದನ್ನೇ ಮರೆಯುತ್ತಾರೆ.

ಆ ಬೈಬಲನ್ನೂ ತೆಗೆದುಕೊಂಡು ಹೋಗಿ.